ಮಾಯವ್ವನ ದನಿಗೆ ಮಗ್ಗ ನಿಲ್ಲುತ್ತಿದ್ದ ಕಾಲ

"ಆ ಡಬ್ಬಿ ಮೊದಲ ಬಂದ್ ಮಾಡ್ರಿ, ಮಾಸ್ತರ. ಕೆಂಪ ದೀಪ ಹತ್ತೇತಿ, ನನಗ ಕಾಣತೈತಿ. ಕಣ್ಣ ಮಂದ ಆಗ್ಯಾವು, ಹೋಗಿಲ್ಲ. ನೀವು ದೂರದಿಂದ ಬಂದೀರಿ, ಚಾ ಕುಡೀರಿ, ಚೂಡಾ ತಿನ್ರಿ, ಮಾತೂ ಆಡೂಣು. ಏನ ಬೇಕಾರ ಕೇಳ್ರಿ. ಆದ್ರ ನನ್ನ ದನಿ ಒಯ್ಯಬ್ಯಾಡ್ರಿ. ಎದರಿಗೆ ಕುಂತು ಕೇಳಿದ್ದು ನಿಮ್ಮ ಕಿವ್ಯಾಗ ಇರತೈತಿ. ನಾಳಿ ನೀವು ತಪ್ಪ ಹೇಳಿದ್ರ 'ಹಂಗಲ್ಲೋ ಯಪ್ಪಾ' ಅನ್ನಾಕ ನಾ ಅದೇನಿ. ಡಬ್ಬ್ಯಾಗ ಹೋದ ದನೀಗೆ ಹಂಗ ಅನ್ನಾಕ ಬರೂದಿಲ್ಲ. ಅದಕ ಇವತ್ತ ಯಾವ್ದು, ಹ್ವಾದ ವರ್ಷ ಯಾವ್ದು ತಿಳಿಯೂದಿಲ್ಲ. ಯಾರ ತಿರುವತಾರ ಅವರ ಹೇಳಿದಂಗ ಕೇಳತೈತಿ. ನಮ್ಮಪ್ಪ ಕುರಿ ಕಾಯಾಂವ. ಸಾವಳಗಿ ಕಡೆ ಅಡವ್ಯಾಗ ಈ ದಿಬ್ಬದ ಮ್ಯಾಲ ನಿಂತು ಆ ದಿಬ್ಬದಾಗಿನ ಕುರಿ ಕರೀತಿದ್ದ. ನಮಗೂ ಕಲಿಸಿದ. 'ಕುರೀಗೆ ಸುಳ್ಳ ಕೂಗಬ್ಯಾಡ್ರಿ ಬೇ' ಅಂತಿದ್ದ. 'ನೀರೈತಿ ಅಂತ ಕೂಗಿ ಕರದು ನೀರ ತೋರಸ್ಲಿಲ್ಲಂದ್ರ, ಮುಂದ ನೀವು ಖರೇ ಕೂಗಿದ್ರೂ ಅವು ತಲಿ ಎತ್ತೂದಿಲ್ಲ.' ನಾ ಈ ಓಣೀಗೆ ಒಮ್ಮೇನೂ ಸುಳ್ಳ ಕೂಗಿಲ್ಲರಿ. ಕೂಗಿದ್ದು ನನ್ನ ದನಿ, ನಾ ಅಲ್ಲ. ಇದನ್ನ ನಿಮ್ಮ ಪುಸ್ತಕದಾಗ ಬರೀತೀರೇನು? ಬರಿಯೂದಿಲ್ಲ. ನಾಮದೇವನ ಮನೀಗೆ ಹೋಗಿ ಬಂದೀರಿ, ಅಂವ ಶಾಲು ಹೊತಗೊಂಡ ಫೋಟೋ ಕೊಟ್ಟಿರಬೇಕು. ಅದನ್ನ ಹಾಕ್ರಿ, ಛಲೋ ಕಾಣತೈತಿ."

ಹೀಗೆಂದು ಮಾಯವ್ವ ರಾಟಿಯ ಕಡೆ ತಿರುಗಿ ಕೂತಳು. ಬನಹಟ್ಟಿಯ ಮೊದಲ ರೇಡಿಯೋದ ಚರಿತ್ರೆ ಬರೆಯುತ್ತೇನೆಂದು ಬಂದಿದ್ದ ಕಾಲೇಜಿನ ಮಾಸ್ತರರು ಟೇಪು ಬಂದ್ ಮಾಡಿ, ಚಹಾ ಕುಡಿದು, ಕೈಮುಗಿದು ಹೋದರು. ಒಳ್ಳೆಯ ಹುಡುಗ. ಕೇಳಿದ್ದನ್ನು ಬರೆದುಕೊಳ್ಳುವಷ್ಟು ಹೊತ್ತು ಮಾತ್ರ ಇರಲಿಲ್ಲ ಅವರಿಗೆ.

ಅವರು ಹೋದ ಮೇಲೆ ಮಾಯವ್ವ ನನಗೆ ಹೇಳಿದಳು: "ತಾರಿ, ನೀ ಬೇಕಾರ ಬರಿ. ಬರದು ನನಗ ಓದಿ ತೋರಸು. ತಪ್ಪಿದಲ್ಲಿ ತಿದ್ದತೀನಿ."

ಅದಕ್ಕೆ ಬರೆಯುತ್ತಿದ್ದೇನೆ. ಓದಿಯೂ ತೋರಿಸಿದ್ದೇನೆ.

ರಾಜ್ಯಕ್ಕಿನ್ನೂ ಮೈಸೂರೆಂದೇ ಹೆಸರಿದ್ದ ಕಾಲ. ನಮ್ಮ ಓಣಿಯಲ್ಲಿ ಮನೆಗೊಂದು ಮಗ್ಗ, ಕೆಲವು ಮನೆಗಳಲ್ಲಿ ಎರಡು. ಗಂಡಸರು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಸೀರೆ ನೇಯುತ್ತಿದ್ದರು, ಹೆಂಗಸರು ರಾಟಿಯ ಮುಂದೆ ಕೂತು ಲಾಳಿಗೆ ಹಾಕುವ ಕಂಡಿಕೆ ಸುತ್ತುತ್ತಿದ್ದೆವು. ನೂಲು ಸಾವಕಾರನದು, ಸೀರೆ ಸಾವಕಾರನದು, ಕೂಲಿ ನಮ್ಮದು. ಬೆಳಗಿನಿಂದ ಕತ್ತಲಾಗುವವರೆಗೆ ಖಟಕ್ ಖಟಕ್ ಎಂಬ ಸದ್ದು. ಹೊರಗಿನವರು ಬಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದರು. ನಮಗೆ ಅದು ನಿಂತಾಗಲೇ ಗಾಬರಿ.

ಮಾಯವ್ವನ ಗಂಡ ರೇವಪ್ಪ ಕುರುಬರ ದೇವರು ಬೀರಪ್ಪನ ಒಕ್ಕಲು. ಅವನ ಅಪ್ಪ ಕಂಬಳಿ ನೇಯ್ದವನು. ಮಗ ಸೀರೆ ಮಗ್ಗ ಕಲಿತು ನಮ್ಮ ಓಣಿಗೆ ಬಂದು ನಮ್ಮ ಗೋಡೆಗೆ ಗೋಡೆ ಹಚ್ಚಿ ಮನೆ ಮಾಡಿದ. ಅವರಿಗೆ ಮಕ್ಕಳಾಗಲಿಲ್ಲ. ಮಾಯವ್ವನಿಗೆ ದೇವರು ಕೊಟ್ಟಿದ್ದೆಂದರೆ ದನಿ. ಮಗ್ಗಗಳ ನಡುವೆ ನಾವೆಲ್ಲ ಚೀರಿ ಮಾತಾಡಬೇಕಿತ್ತು. ಅವಳು ಚೀರುತ್ತಿರಲಿಲ್ಲ. ಮೆಲ್ಲಗೆ "ತಾರೀ, ಹಾಲ ಉಕ್ಕಾಕತ್ತೇತಿ ನೋಡ" ಎಂದರೆ ಸಾಕು, ಗೋಡೆ ದಾಟಿ, ಮಗ್ಗದ ಸದ್ದು ದಾಟಿ ಅದು ನನ್ನ ಒಲೆಯ ಹತ್ತಿರ ಬಂದು ನಿಲ್ಲುತ್ತಿತ್ತು.

ನಾಮದೇವ ಹಿಂದಿನ ಓಣಿಯ ಹುಡುಗ. ತಾಯಿತಂದೆ ಇರಲಿಲ್ಲ. ಸೊಲ್ಲಾಪುರಕ್ಕೆ ಹೋಗಿ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸ ಕಲಿತು, ಒಂದು ದೀಪಾವಳಿಗೆ ಎತ್ತಿನ ಗಾಡಿಯಲ್ಲಿ ಪೆಟ್ಟಿಗೆ, ತಂತಿ, ಮೈಕು ಹೇರಿಕೊಂಡು ಬಂದ. ಆಗ ರೇಡಿಯೋ ಇಡಲು ಲೈಸನ್ಸ್ ಬೇಕು. ಸಾವಕಾರರ ಮನೆಯಲ್ಲಿ ಮಾತ್ರ ಇತ್ತು, ಅದನ್ನೂ ಬಟ್ಟೆ ಮುಚ್ಚಿ ಇಡುತ್ತಿದ್ದರು. ನಾಮದೇವನ ವಿಚಾರವೇ ಬೇರೆ. ಒಂದು ಕಡೆ ರೇಡಿಯೋ ಇಟ್ಟು, ಅಲ್ಲಿಂದ ಮಾಳಿಗೆಗಳ ಮೇಲೆ ತಂತಿ ಎಳೆದು, ಪ್ರತಿ ಮಗ್ಗದ ಮನೆಗೂ ಒಂದು ಸಣ್ಣ ಕಟ್ಟಿಗೆಯ ಡಬ್ಬಿ ಕೂಡಿಸುವುದು. ನೇಯುತ್ತಲೇ ಹಾಡು ಕೇಳಬಹುದು. ಅದಕ್ಕೆ ಓಣಿಯ ನಟ್ಟನಡುವೆ ಒಂದು ಕೋಣೆ ಬೇಕಿತ್ತು.

ನಟ್ಟನಡುವೆ ಇದ್ದದ್ದು ಮಾಯವ್ವನ ಮನೆ. ಅವಳು ಜೋಳ ಇಡುತ್ತಿದ್ದ ಮುಂದಿನ ಕೋಣೆ ಖಾಲಿ ಮಾಡಿ ಕೊಟ್ಟಳು. "ಅಕ್ಕಾ, ಬಾಡಿಗಿ ಏನ ಕೊಡ್ಲಿ?" ಎಂದ. "ಊಟಕ್ಕ ಹೊತ್ತಿಗೆ ಸರಿಯಾಗಿ ಬಾ, ರೊಟ್ಟಿ ಆರಬಾರದು" ಎಂದಳು. ಅಂದಿನಿಂದ ಅವನು ಅವರ ಮನೆಯಲ್ಲೇ ಉಂಡ. ನಾಗರ ಪಂಚಮಿಯಲ್ಲಿ ನಾವು ಹೆಂಗಸರು ಹುತ್ತಕ್ಕೆ ಹಾಲೆರೆಯುವಾಗ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಎರೆಯುತ್ತೇವೆ: ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು. ಮಾಯವ್ವ ಕೊನೆಗೆ "ನಾಮದೇವನ ಪಾಲು" ಎಂದು ಎರೆಯುತ್ತಿದ್ದಳು.

ಜನ ಅದನ್ನು ಓಣಿ ರೇಡಿಯೋ ಎಂದು ಕರೆದರು. ಬೆಳಿಗ್ಗೆ ಭಜನೆ, ಆಮೇಲೆ ಧಾರವಾಡದ ಹಾಡು, ಸಂಜೆ ವಾರ್ತೆ. ನಡುವೆ ಓಣಿಯ ಸುದ್ದಿ ಹೇಳಬೇಕೆಂದು ನಾಮದೇವನಿಗೆ ಆಸೆ. ಮೊದಮೊದಲು ಅವನೇ ಹೇಳಿದ. ಪುಸ್ತಕದ ಹಾಗೆ, "ಸನ್ಮಾನ್ಯ ನೇಕಾರ ಬಂಧುಗಳೇ" ಎಂದು ಶುರು ಮಾಡುತ್ತಿದ್ದ. ಮಗ್ಗದ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. "ನಿನ್ನಿ ನಾ ಹೇಳಿದ ಸುದ್ದಿ ಹೆಂಗಿತ್ತಬೇ?" ಎಂದು ನಮ್ಮ ಎದುರುಮನೆಯ ಇಂದ್ರವ್ವನನ್ನು ಕೇಳಿದ. "ಯಾವ್ದು, ಆ ಗುಂಯ್ ಅಂತಿತ್ತಲ್ಲ, ಅದಾ? ನಾ ಡಬ್ಬ್ಯಾಗ ಜೇನ ಕುಂತಾವು ಅಂದ್ಕೊಂಡ್ನಿ" ಎಂದಳು ಆಕೆ.

ಒಂದು ದಿನ ಇಂದ್ರವ್ವನ ಕೂಸೇ ಕಾಣೆಯಾಯಿತು. ಆಗ ತಾನೇ ನಡೆಯಲು ಕಲಿತದ್ದು. ಬಾವಿಯ ಕಡೆ ಜನ ಓಡಿದರು. ನಾಮದೇವ ಮೈಕು ಹಿಡಿದು ತಡವರಿಸುತ್ತಿದ್ದಾಗ ಮಾಯವ್ವ ಅದನ್ನು ಕಸಿದುಕೊಂಡು ಹೇಳಿದಳು: "ಮಗ್ಗ ನಿಲ್ಲಸ್ರಿ. ಒಂದ ಮಾತ ಕೇಳ್ರಿ."

ಇಡೀ ಓಣಿಯ ಮಗ್ಗ ಒಮ್ಮೆಲೇ ನಿಂತವು. ಅಂಥ ಸುಮ್ಮನಿರುವಿಕೆಯನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಇಂದ್ರವ್ವನ ಕೂಸ ಕಾಣವಲ್ದು. ಎಲ್ಲಾರೂ ನಿಮ್ಮ ನಿಮ್ಮ ಮನ್ಯಾಗ ನೋಡ್ರಿ. ನೋಡೂತನ ಲಾಳಿ ಹಾರಸಬ್ಯಾಡ್ರಿ." ಕೂಸು ಮೂರನೆಯ ಮನೆಯ ಮಗ್ಗದ ಕುಣಿಯಲ್ಲಿ, ನೇಯುವವನ ಕಾಲಿನ ಪಕ್ಕದಲ್ಲೇ ನಿದ್ದೆ ಹೋಗಿತ್ತು.

ಅಂದಿನಿಂದ ಸುದ್ದಿ ಮಾಯವ್ವನದೇ. ಅವಳದೊಂದು ಕಟ್ಟುನಿಟ್ಟು ಇತ್ತು. ತಾನು ಕಣ್ಣಾರೆ ಕಂಡದ್ದು, ಇಲ್ಲವೇ ಯಾರ ಸುದ್ದಿಯೋ ಅವರ ಬಾಯಿಂದಲೇ ಕೇಳಿದ್ದು, ಇವೆರಡನ್ನು ಬಿಟ್ಟು ಬೇರೆ ಹೇಳುತ್ತಿರಲಿಲ್ಲ. ಯಾರಾದರೂ ತೀರಿಕೊಂಡರೆ ಮೊದಲು ಆ ಮನೆಗೆ ಹೋಗಿ, ಕಾಲು ಮುಟ್ಟಿ, ಬಂದು ಹೇಳುತ್ತಿದ್ದಳು. "ಮಾಯವ್ವ ಹೇಳೂತನ ಸತ್ತಾರೂ ಸತ್ತಂಗಲ್ಲ" ಎಂದು ಇಂದ್ರವ್ವ ನಗುತ್ತಿದ್ದಳು. ನಕ್ಕರೂ, "ಮಗ್ಗ ನಿಲ್ಲಸ್ರಿ" ಎಂದಾಗ ಮೊದಲು ನಿಲ್ಲುತ್ತಿದ್ದದ್ದು ಅವಳ ಮನೆಯ ಮಗ್ಗವೇ.

ಮಾಯವ್ವ ಸುದ್ದಿ ಹೇಳುವಾಗ ರೇವಪ್ಪ ಹೊಸ್ತಿಲ ಮೇಲೆ ಬೀಡಿ ಹಿಡಿದು ಕೂತಿರುತ್ತಿದ್ದ. ಮಗ್ಗದ ಧೂಳಿಗೆ ಅವನಿಗೆ ಕೆಮ್ಮು ಹತ್ತಿತ್ತು. ಎಲ್ಲರ ಕೆಮ್ಮಿನಂಥದಲ್ಲ. ಎರಡು ಗಿಡ್ಡ ಕೆಮ್ಮು, ಆಮೇಲೆ ಒಂದು ಉದ್ದದ್ದು, ಕೊನೆಯಲ್ಲಿ "ಹ್ಞೂಂ". ಹೆಂಡತಿಯ ಮಾತು ಮುಗಿದ ಕೂಡಲೇ ಅದು ಡಬ್ಬಿಯಲ್ಲಿ ಬರುತ್ತಿತ್ತು. "ರೇವಣ್ಣ ಸಹಿ ಮಾಡಿದ, ಹಚ್ಚ್ರಿ ಮಗ್ಗ" ಎಂದು ಗಂಡಸರು ಮತ್ತೆ ಲಾಳಿ ಎಸೆಯುತ್ತಿದ್ದರು.

ಒಂದು ವರ್ಷ ಕೂಲಿ ಹೆಚ್ಚಿಸಿರೆಂದು ನೇಕಾರರು ಮಗ್ಗ ಬಂದ್ ಮಾಡಿದರು. ನಮ್ಮ ಹಿರಿಯ ಧರೆಪ್ಪ ಸಾವಕಾರರ ಜೊತೆ ಮಾತಾಡಿ ಒಪ್ಪಿಸಿಕೊಂಡು ಬಂದ. ನಾಮದೇವ ಆಗಷ್ಟೇ ಸೊಲ್ಲಾಪುರದಿಂದ ರೀಲು ತಿರುಗುವ ಟೇಪು ತಂದಿದ್ದ. ಇಂಥ ಛಲೋ ಸುದ್ದಿ ಹಿಡಿದಿಡಬೇಕು ಅಕ್ಕ ಎಂದು ಅದನ್ನು ಹಚ್ಚಿದ. ಮಾಯವ್ವ ಹೇಳಿದಳು: "ಮಗ್ಗ ನಿಲ್ಲಿಸಿ ಕುಂತೋರೆಲ್ಲಾ ಕೇಳ್ರಿ. ಕೂಲಿ ಮಾತ ಮುಗದೈತಿ. ಸಾವಕಾರ ಒಪ್ಪ್ಯಾರು. ಹೊತ್ತ ಹುಟ್ಟೂದಕ ಬನಶಂಕರೀ ನೆನದು ಮಗ್ಗ ಹಚ್ಚ್ರಿ." ಹಿಂದೆಯೇ ರೇವಪ್ಪನ ಸಹಿ.

ಆಮೇಲೆ ನಾಮದೇವ ರೀಲು ಹಿಂದಕ್ಕೆ ತಿರುಗಿಸಿ ನಮಗೆಲ್ಲ ಕೇಳಿಸಿದ. ನಾನು ಅಲ್ಲೇ ಇದ್ದೆ. ಮಾಯವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ರೇವಪ್ಪ, "ಇದ್ಯಾವ ಮುದಕೋ ಕೆಮ್ಮಾಕತ್ತಾನ, ಅವಗ ಔಷಧ ಕುಡಸ್ರಿ" ಎಂದ.

ಮುಂದಿನ ಮಳೆಗಾಲದಲ್ಲಿ ರೇವಪ್ಪ ತೀರಿಕೊಂಡ. ನಾಮದೇವ ಹೆಗಲು ಕೊಟ್ಟ, ತಲೆ ಬೋಳಿಸಿಕೊಂಡ. ಆ ಸುದ್ದಿಯನ್ನೂ ಮಾಯವ್ವನೇ ಹೇಳಿದಳು. ಬೇರೆ ಯಾರು ಹೇಳಿದರೂ ಓಣಿ ನಂಬುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಮಾತು ಮುಗಿದ ಮೇಲೆ ಡಬ್ಬಿ ಸುಮ್ಮನಾಯಿತು. ಕೆಮ್ಮು ಬರಲಿಲ್ಲ. ಬಹಳ ಹೊತ್ತಿನವರೆಗೆ ಯಾರೂ ಮಗ್ಗ ಹಚ್ಚಲಿಲ್ಲ.

ಎರಡನೆಯ ಸಲ ಮಗ್ಗ ಬಂದಾದದ್ದು ಅದಾದ ಮರುವರ್ಷ. ಈ ಸಲ ಸಾವಕಾರರು ಜಗ್ಗಲಿಲ್ಲ. ಅವರಲ್ಲಿ ದೊಡ್ಡವನು ಸಾತಪ್ಪ ಸಾವಕಾರ. ಗಂಡಸರು ಕಟ್ಟೆಯ ಮೇಲೆ ಚೌಕಾಬಾರ ಆಡುತ್ತ ಕೂತರು. ಹೆಂಗಸರು ಕಟ್ಟಿಗೆ ಹೊತ್ತು, ಕಂಡವರ ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು ದಿನ ತಳ್ಳಿದೆವು. ಓಣಿಗಳೆಲ್ಲ ಒಂದಾಗಿದ್ದವು. ಧರೆಪ್ಪ ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದ: "ಯಾರ ಬಂದು ಏನ ಹೇಳಿದ್ರೂ ಕುಣ್ಯಾಗ ಇಳೀಬ್ಯಾಡ್ರಿ. ಡಬ್ಬ್ಯಾಗ ಮಾಯವ್ವ ಹೇಳಿದಾಗ ಇಳೀರಿ. ಆಕಿ ನನ್ನ ಬಾಯಿಂದ ಕೇಳಿದ ಮ್ಯಾಲ ಹೇಳತಾಳ."

ಆ ಹೊತ್ತಿನಲ್ಲಿ ಸಾವಳಗಿಯಿಂದ ಸುದ್ದಿ ಬಂತು, ಮಾಯವ್ವನ ಅಣ್ಣ ಬಂಡಿಯಿಂದ ಬಿದ್ದು ಕಾಲು ಮುರಿದುಕೊಂಡಿದ್ದಾನೆ. ಧರೆಪ್ಪ ಮಾತುಕತೆಗೆಂದು ಜಮಖಂಡಿಗೆ ಹೋಗಿದ್ದ, ಮರುದಿನ ಬರುವವನು. ಅಷ್ಟರಲ್ಲಿ ತಾನೂ ಬಂದುಬಿಡುತ್ತೇನೆಂದು ಮಾಯವ್ವ ಮನೆಯ ಕೀಲಿ ನಾಮದೇವನ ಕೈಗೆ ಕೊಟ್ಟು ಸಂಜೆಯ ಬಸ್ಸು ಹತ್ತಿದಳು.

ಮರುದಿನ ನಸುಕಿನಲ್ಲಿ ನಾನು ಅಂಗಳಕ್ಕೆ ನೀರು ಹಾಕುತ್ತಿದ್ದೆ. ಡಬ್ಬಿಯಲ್ಲಿ ಮಾಯವ್ವನ ದನಿ ಬಂತು. "ಮಗ್ಗ ನಿಲ್ಲಿಸಿ ಕುಂತೋರೆಲ್ಲಾ ಕೇಳ್ರಿ. ಕೂಲಿ ಮಾತ ಮುಗದೈತಿ. ಸಾವಕಾರ ಒಪ್ಪ್ಯಾರು." ಬಂದಳೇನೋ, ಯಾವ ಬಸ್ಸಿಗೆ ಬಂದಳೋ ಎಂದುಕೊಂಡೆ. ಕೊನೆಯಲ್ಲಿ ರೇವಣ್ಣ ಕೆಮ್ಮಿದ ಹಾಗೂ ಕೇಳಿಸಿತು. ಅಷ್ಟು ವರ್ಷ ಕೇಳಿದ ಕಿವಿ, ಇಲ್ಲದ್ದನ್ನೂ ಕೂಡಿಸಿಕೊಳ್ಳುತ್ತದೆ ಎಂದುಕೊಂಡು ರಂಗೋಲಿ ಹಾಕಿದೆ. ಅಷ್ಟರಲ್ಲಿ ಗಂಡಸರು ಕುಣಿಗೆ ಇಳಿದಾಗಿತ್ತು. ನಮ್ಮ ಓಣಿಯ ಸದ್ದು ಕೇಳಿ ಪಕ್ಕದ ಓಣಿ, ಅದನ್ನು ಕೇಳಿ ಅದರಾಚೆಯದು. ಬಿಸಿಲು ಏರುವುದರೊಳಗೆ ಇಡೀ ಪೇಟೆ ಖಟಕ್ ಖಟಕ್ ಎನ್ನುತ್ತಿತ್ತು.

ಮಧ್ಯಾಹ್ನ ಧರೆಪ್ಪ ಜಮಖಂಡಿಯಿಂದ ಬಂದ. ಅಲ್ಲಿ ಯಾರೂ ಏನೂ ಒಪ್ಪಿರಲಿಲ್ಲ. ನಡುರಸ್ತೆಯಲ್ಲಿ ನಿಂತು ಮಗ್ಗಗಳ ಸದ್ದು ಕೇಳಿ ಅಲ್ಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟನಂತೆ. ಮತ್ತೆ ಬಂದ್ ಮಾಡೋಣವೆಂದರೆ ಅರ್ಧ ಜನ ಹೂಂ ಎಂದರು, ಅರ್ಧ ಜನ ಉಪವಾಸ ಬಿದ್ದು ಬಿದ್ದು ಸಾಕಾಗಿ ಕುಣಿಯಿಂದ ಏಳಲಿಲ್ಲ. ಒಡೆದದ್ದು ಒಡೆದೇ ಹೋಯಿತು. ಹಳೆಯ ಕೂಲಿಯೇ ಗಟ್ಟಿಯಾಯಿತು.

ಸಂಜೆ ಮಾಯವ್ವ ಬಸ್ಸಿನಿಂದ ಇಳಿದು ಬಂದಳು. ಮಗ್ಗದ ಸದ್ದು ಕೇಳಿ ಮುಖ ಅರಳಿತ್ತು. ಬಾಗಿಲಲ್ಲಿ ನಿಂತಿದ್ದ ಇಂದ್ರವ್ವನನ್ನು ಕೇಳಿದಳು: "ಮಾತಾತೇನಬೇ? ಛಲೋ ಆತು ನೋಡ."

"ನೀನ ಹೇಳಿದೆಲ್ಲ ಅವ್ವಾ. ನಮ್ಮನ್ಯಾಕ ಕೇಳತಿ?"

"ನಾ ಈಗ ಬಂದೇನಿ."

"ಹೌದ ಹೌದ. ಸಾವಕಾರನ ಮನಿ ಹಿತ್ತಲಾಗ ಇಳಿದು ಬಂದಿರಬೇಕು. ಅಲ್ಲೀತನಾನೂ ಬಸ್ಸ ಬರತೈತೇನೋ." ಇಂದ್ರವ್ವ ಬಾಗಿಲು ಮುಂದಕ್ಕೆ ಹಾಕಿಕೊಂಡಳು.

ನಾನು ಮಾಯವ್ವನನ್ನು ಒಳಗೆ ಕರೆದು ನೀರು ಕೊಟ್ಟೆ. ಮರುದಿನ ಬೀರಪ್ಪನ ಗುಡಿಗೆ ಬರಬೇಕೆಂದು ಧರೆಪ್ಪ ಹೇಳಿಕಳಿಸಿದ್ದನ್ನು ತಿಳಿಸಿ, ಬೆಳಿಗ್ಗೆ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದೆ. ಅವಳು ಕೈಯಲ್ಲಿದ್ದ ತಂಬಿಗೆ ಕೆಳಗಿಟ್ಟಳು. "ಬನಶಂಕರೀ ನೆನದು ಅಂತ ಇತ್ತೇನು?" ಎಂದಳು. "ಇತ್ತು" ಎಂದೆ. "ಆಮ್ಯಾಲ ಏನ ಕೇಳಿದಿ?" ನಾನು ಹೇಳಲೋ ಬೇಡವೋ ಎಂದು ತಡೆದು ಹೇಳಿದೆ: "ರೇವಣ್ಣ ಕೆಮ್ಮಿದಂಗಾತು. ನನ್ನ ಕಿವಿ ಇರಬೇಕು."

"ನಿನ್ನ ಕಿವಿ ಅಲ್ಲ" ಎಂದಳು.

ನಾಮದೇವ ಕೋಣೆಯಲ್ಲೇ ಇದ್ದ. ನಾವಿಬ್ಬರೂ ಹೋಗಿ ನಿಂತೆವು. ಅವನು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಅವನ ಮೇಲೆ ಅಷ್ಟು ಭರವಸೆ ಇಡುತ್ತಿರಲಿಲ್ಲ. "ಸಾತಪ್ಪ ಸಾವಕಾರ ಕರಿಸಿದ್ದ ಅಕ್ಕ. ಈ ತಂತೀಗೆ ಲೈಸನ್ಸ್ ಇಲ್ಲ, ಪೊಲೀಸರಿಗೆ ಹೇಳಿ ಎಲ್ಲಾ ಕೀಳಸ್ತೀನಿ, ನಿನ್ನ ಒಳಗ ಹಾಕಸ್ತೀನಿ ಅಂದ. ಹಳೇ ರೀಲ ಒಂದ ಸಲ ಹಚ್ಚು, ಒಂದ ದಿನದ ಮಾತು ಅಂದ. ನಾ ಅಂಜಿದ್ನಿ."

ಮಾಯವ್ವ ಬೈಯಲಿಲ್ಲ. "ಅಂಜೂದು ಅಂಜಿದಿ. ನಾಳಿ ಬೀರಪ್ಪನ ಗುಡೀಗೆ ನನ್ನ ಕರದಾರು. ರೀಲ ತಗೊಂಡ ಬಾ. ಎಲ್ಲಾರ ಮುಂದ ತಿರುವು. ಅಂವ ಕೆಮ್ಮಿದ್ದು ಕೇಳಲಿ. ಸತ್ತ ಮನಶ್ಯಾ ಇವತ್ತ ಕೆಮ್ಮಾಕ ಬರೂದಿಲ್ಲ ಅಂತ ತಿಳೀತೈತಿ ಜನಕ್ಕ" ಎಂದಳು.

ನಾಮದೇವ ಅವಳ ಕೈ ಹಿಡಿದುಕೊಂಡ. "ತರ್ತೀನಿ ಅಕ್ಕ. ನಾನ ತಿರುವತೀನಿ. ನಾನ ಹಚ್ಚೇನಿ ಅಂತ ನನ್ನ ಬಾಯಿಂದ ಹೇಳತೀನಿ." ಕಣ್ಣಲ್ಲಿ ನೀರಿತ್ತು. ಅವಳು ಸೆರಗಿನಿಂದ ಒರೆಸಿ, "ಉಂಡಿಯೇನು?" ಎಂದು ಕೇಳಿದಳು.

ಬೀರಪ್ಪನ ಗುಡಿಯ ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಅಂಗೈಯಲ್ಲಿ ಭಂಡಾರ, ಅಂದರೆ ದೇವರ ಅರಿಶಿನ, ಇಟ್ಟು ಕೇಳಿದ ಮಾತಿಗೆ ಹೌದು ಇಲ್ಲವೇ ಅಲ್ಲ, ಒಂದೇ ಉತ್ತರ. ಹೀಗಾಗಿ ಹಾಗಾಯಿತು ಎಂಬ ವಿವರಣೆಗೆ ಅಲ್ಲಿ ಜಾಗವಿಲ್ಲ. ಭಂಡಾರ ಹಿಡಿದು ವಾದ ಮಾಡಿದವರು ಸುಳ್ಳು ಮುಚ್ಚುತ್ತಾರೆ ಎಂದು ಹಿರಿಯರು ಕಟ್ಟಿದ ಕಟ್ಟು. ಮಾಯವ್ವ ಹುಟ್ಟಿನಿಂದ ಅದನ್ನು ಬಲ್ಲವಳು.

ಮರುದಿನ ಮಧ್ಯಾಹ್ನ ಗುಡಿಯ ಮುಂದೆ ಓಣಿಗಳೆಲ್ಲ ಕೂಡಿದ್ದವು. ನಾಮದೇವ ಟೇಪಿನ ಪೆಟ್ಟಿಗೆಯನ್ನು ಟವೆಲ್ಲಿನಲ್ಲಿ ಮುಚ್ಚಿ ತಂದು, ಗುಡಿಯ ದೀಪದ ತಂತಿಗೆ ಸಿಗಿಸಿ, ಕಂಬದ ಹತ್ತಿರ ಕೂತಿದ್ದ. ಅವನನ್ನು ನೋಡಿ ನನಗೆ ಉಸಿರು ಬಂತು. ಧರೆಪ್ಪ ಮಾಯವ್ವನ ಅಂಗೈಗೆ ಭಂಡಾರ ಹಾಕಿದ. ಅವನೂ ಅವಳನ್ನು ನಂಬಿದವನೇ.

"ಮಾಯವ್ವ, ನಿನ್ನೆ ನಸಕನ್ಯಾಗ ಡಬ್ಬ್ಯಾಗ ಬಂದ ದನಿ ನಿಂದು ಹೌದೋ ಅಲ್ಲೋ?"

ಅಲ್ಲ ಎಂದರೆ ಅಲ್ಲಿಗೇ ಮುಗಿಯುತ್ತಿತ್ತು. ಜನ ನಂಬುತ್ತಿದ್ದರೋ ಬಿಡುತ್ತಿದ್ದರೋ, ಅಲ್ಲ ಎಂದ ಮೇಲೆ ಭಂಡಾರದ ಮಾತು ಮೀರಿ ಯಾರೂ ಮತ್ತೆ ಕೇಳುವಂತಿರಲಿಲ್ಲ. ಆದರೆ ದನಿ ಅವಳದೇ ಆಗಿತ್ತು. ಮಾಯವ್ವ ನಾಮದೇವನ ಕಡೆ ನೋಡಿದಳು. ಅವನು ತಲೆಯಾಡಿಸಿದ. ನಾನು ಕಂಡಿದ್ದೇನೆ.

"ಹೌದು" ಎಂದಳು.

ಜನರಲ್ಲಿ ಗುಜುಗುಜು ಎದ್ದಿತು. ಅವಳು ಭಂಡಾರವನ್ನು ದೇವರ ಮುಂದೆ ಸುರಿದು ಹಣೆಗೆ ಹಚ್ಚಿಕೊಂಡು, ಕೈ ಖಾಲಿಯಾದ ಮೇಲೆ ಹೇಳಿದಳು: "ದನಿ ನಂದು. ಆಡಿದ್ದು ನಿನ್ನೆ ಅಲ್ಲ. ನಾಮದೇವ, ಹಚ್ಚೋ ಯಪ್ಪಾ."

ನಾಮದೇವ ಟವೆಲ್ಲು ತೆಗೆದು ಗುಂಡಿ ತಿರುವಿದ. ರೀಲು ತಿರುಗಿತು. ಯಾವುದೋ ಹಿಂದಿ ಸಿನೆಮಾದ ಹಾಡು ಬಂತು.

ಮೊದಲು ಬಂದದ್ದು ಹಾಡಾದರೆ ಆಮೇಲೆ ಮಾತು ಬರಬಹುದು ಎಂದು ಮಾಯವ್ವ ಕಾದಳು. ಹಾಡು ಮುಗಿದು ಇನ್ನೊಂದು ಹಾಡು ಬಂತು. ಯಾರೋ ಹಿಂದಿನಿಂದ ತಾಳ ಹಾಕಿದರು. ಹೆಂಗಸರು ನಕ್ಕರು.

"ಇನ್ನೊಂದ ರೀಲು?" ಎಂದಳು ಮಾಯವ್ವ.

"ನನ್ನ ಹಂತೇಕ ಇರೂದ ಇದೊಂದ" ಎಂದ ನಾಮದೇವ. ನೆಲ ನೋಡುತ್ತಿದ್ದ.

"ನಿನ್ನೆ ನಮ್ಮಿಬ್ಬರ ಮುಂದ ಹೇಳಿದೆಲ್ಲೋ" ಎಂದು ನಾನು ಎದ್ದೆ. ಡಬ್ಬಿಯಲ್ಲಿ ರೇವಣ್ಣನ ಕೆಮ್ಮು ಕೇಳಿದ್ದನ್ನೂ ಹೇಳಿದೆ. ಇಂದ್ರವ್ವ ಕೂತಲ್ಲಿಂದಲೇ, "ಕೇಳ್ರಿ, ತಾರವ್ವಗ ಸತ್ತಾರು ಕೆಮ್ಮೂದು ಕೇಳತೈತಂತ. ನಮ್ಮ ಮಾಂವ ಏನರ ಅಂದ್ರ ನನಗೂ ಹೇಳವ್ವಾ, ಮನೀ ಕುಡಗೋಲ ಎಲ್ಲಿಟ್ಟಾನ ಕೇಳೂದೈತಿ" ಎಂದಳು. ಮತ್ತೆ ನಗು. ನೂರು ಜನರ ಕಿವಿಯಲ್ಲಿ ಆ ಕೆಮ್ಮು ಬಿದ್ದಿರಬೇಕು. ಇಲ್ಲದವನ ಕೆಮ್ಮು ಎಂದು ನನ್ನ ಹಾಗೆಯೇ ಎಲ್ಲರೂ ಕಿವಿಯನ್ನೇ ಸುಳ್ಳು ಮಾಡಿದ್ದರು.

ಧರೆಪ್ಪ ಎದ್ದು ನಿಂತ. "ಭಂಡಾರದ ಮ್ಯಾಲ ಹೌದು ಅಂದಾಳ. ಮುಂದ ಕೇಳೂದಿಲ್ಲ" ಎಂದ. ಜನ ಎದ್ದರು.

ಎಲ್ಲರೂ ಹೋದ ಮೇಲೆ ನಾಮದೇವ ತಂತಿ ಸುತ್ತುತ್ತಿದ್ದ. ಮಾಯವ್ವ ಹತ್ತಿರ ಹೋಗಿ ಕೇಳಿದ್ದು ಒಂದೇ ಮಾತು: "ಅಂವ ಕೆಮ್ಮಿದ್ದು ಎಲ್ಲಿ ಹೋತು?"

"ಅದರ ಮ್ಯಾಲ ಹಾಡ ತುಂಬೇನಿ ಅಕ್ಕ."

"ಯಾವಾಗ?"

ಅವನು ತಂತಿ ಸುತ್ತುತ್ತಲೇ ಹೋದ. ಕಣ್ಣೀರು ಒರೆಸಿಸಿಕೊಂಡು, ಅವಳ ಕೈಯ ರೊಟ್ಟಿ ಉಂಡು ಎದ್ದ ಮೇಲೆ ಎಂದು ನಮಗೆ ತಿಳಿಯಿತು.

"ಮಾತ ಅಳಸಿದ್ದಿ, ಅಳಸು. ಕೆಮ್ಮರ ಬಿಡಬೇಕಿತ್ತು" ಎಂದಳು.

ಆ ವಾರವೇ ಅವನು ಸಾಮಾನು ಹೇರಿಕೊಂಡು ಜಮಖಂಡಿಗೆ ಹೋದ. ಅಲ್ಲಿನ ಪೇಟೆಯಲ್ಲಿ ಸಾತಪ್ಪ ಸಾವಕಾರನ ಕಟ್ಟಡದಲ್ಲಿ ರೇಡಿಯೋ ಅಂಗಡಿ ತೆರೆದ. ತಂತಿಗಳು ಮಾಳಿಗೆಯ ಮೇಲೆ ಹಾಗೇ ಉಳಿದವು. ಹೆಂಗಸರು ಅವುಗಳ ಮೇಲೆ ಸೀರೆ ಒಣಗಿಸಿದರು. ಮುಂದೆ ಕೈಯಲ್ಲಿ ಹಿಡಿದು ತಿರುಗುವ ರೇಡಿಯೋ ಬಂತು, ಕರೆಂಟಿನ ಮಗ್ಗ ಬಂತು. ನಮ್ಮ ಡಬ್ಬಿಗಳಲ್ಲಿ ಗುಬ್ಬಿ ಗೂಡು ಕಟ್ಟಿದವು.

ಓಣಿ ಮಾಯವ್ವನನ್ನು ಹೊರಗೆ ಹಾಕಲಿಲ್ಲ. ಕಂಡಿಕೆ ಸುತ್ತಲು ನೂಲು ಕೊಟ್ಟರು, ಮದುವೆಗೆ ಕರೆದರು, ಉಣ್ಣಲು ಬಡಿಸಿದರು. ಆದರೆ ಅವಳು "ನಳಕ್ಕ ನೀರ ಬಂದೈತಿ" ಎಂದರೆ ಯಾರಾದರೊಬ್ಬರು ಹೊರಗೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಅವಳ ಎದುರಿಗೇ. ಆಮೇಲೆ ಕೊಡ ಎತ್ತುತ್ತಿದ್ದರು. ಅವಳು ಮಾತು ಕಡಿಮೆ ಮಾಡುತ್ತ ಬಂದಳು. ಮುಂದಿನ ಪಂಚಮಿಯಲ್ಲಿ ಹುತ್ತದ ಮುಂದೆ ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಎರೆದು, ತಂಬಿಗೆಯಲ್ಲಿ ಉಳಿದ ಹಾಲನ್ನು ಹಾಗೇ ಮನೆಗೆ ತಂದಳು. ನನಗೆ ಕೊಟ್ಟು, "ಚಾ ಮಾಡು" ಎಂದಳು.

ಇದೆಲ್ಲ ಆಗಿ ಎಷ್ಟೋ ವರ್ಷವಾಯಿತು. ಈ ಸಲ ಊರಿನವರು ಹಳೆಯ ದೊಡ್ಡವರನ್ನೆಲ್ಲ ಕರೆದು ಶಾಲು ಹೊದಿಸಿದರು. ಊರಿಗೆ ಮೊದಲು ರೇಡಿಯೋ ತಂದವನೆಂದು ಜಮಖಂಡಿಯಿಂದ ನಾಮದೇವನನ್ನು ಕರೆಸಿದ್ದರು. ಮಾಯವ್ವನಿಗೂ ಕರೆ ಬಂದಿತ್ತು. ಅವಳು ಹೋಗಲಿಲ್ಲ. ಆದರೆ ಬಯಲಿನಲ್ಲಿ ಕಟ್ಟಿದ ಸ್ಪೀಕರಿನ ಒಂದು ಬಾಯಿ ನಮ್ಮ ಓಣಿಯ ಕಡೆಗೇ ಇತ್ತು. ಅಂದು ಅಮಾವಾಸ್ಯೆ, ಕರೆಂಟಿನ ಮಗ್ಗಗಳೂ ಬಂದಾಗಿದ್ದವು. ಎಲ್ಲ ಕೇಳುತ್ತಿತ್ತು.

ಮಾಯವ್ವ ಪಡಸಾಲೆಯಲ್ಲಿ ರಾಟಿಯ ಮುಂದೆ ಕೂತಿದ್ದಳು. ನಾಮದೇವನ ಹೆಸರು ಕರೆದಾಗ ಕೈ ನಿಲ್ಲಿಸಿದಳು. ಅವನ ದನಿ ಮುದಿಯಾಗಿತ್ತು. ಸೊಲ್ಲಾಪುರದಿಂದ ಪೆಟ್ಟಿಗೆ ತಂದದ್ದು ಹೇಳಿದ, ತಂತಿ ಎಳೆದದ್ದು ಹೇಳಿದ, ಡಬ್ಬಿಯಲ್ಲಿ ಜೇನು ಕೂತಿದೆ ಎಂದು ಇಂದ್ರವ್ವ ಅಂದದ್ದು ಹೇಳಿ ಜನರನ್ನು ನಗಿಸಿದ. ಆಮೇಲೆ, "ಆ ಓಣ್ಯಾಗ ಮಾಯವ್ವ ಅಂತ ನನ್ನ ಅಕ್ಕ ಇದ್ಲು. ಆಕಿ ದನಿ ಕೇಳಿದ್ರ ಮಗ್ಗ ನಿಲ್ಲತಿದ್ದವು" ಎಂದ. ಅಲ್ಲಿ ತಡೆದ. ಸ್ಪೀಕರಿನಲ್ಲಿ ಅವನ ಉಸಿರು ಕೇಳುತ್ತಿತ್ತು. ಮಾಯವ್ವನ ಕೈಯಲ್ಲಿದ್ದ ನೂಲು ಬಿಗಿಯಾಯಿತು. ನಾನೂ ಅವಳೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಅಂಥಾ ಕಾಲ ಅದು. ಈಗ ಎಲ್ಲಾರ ಮನ್ಯಾಗೂ ಟೀವಿ ಬಂದೈತಿ" ಎಂದು ಅವನು ಮುಂದೆ ಹೋದ. ಕೊನೆಗೆ ಊರಿಗೆ, ಹಿರಿಯರಿಗೆ, ಸಾತಪ್ಪ ಸಾವಕಾರನ ಮನೆತನಕ್ಕೆ ಕೈಮುಗಿದ. ಚಪ್ಪಾಳೆ ಬಿತ್ತು.

"ಮುಗೀತೇನು?" ಎಂದು ಮಾಯವ್ವ ಕೇಳಿದಳು.

"ಮುಗೀತು" ಎಂದೆ.

ಬಿಗಿ ಹಿಡಿದಿದ್ದ ನೂಲು ತುಂಡಾಗಿತ್ತು. ಅವಳು ತುದಿಯನ್ನು ತುಟಿಗೆ ಹಚ್ಚಿ ನೆನೆಸಿ, ಕಣ್ಣ ಹತ್ತಿರ ತಂದು ಗಂಟು ಹಾಕಿದಳು. ಹೆಚ್ಚಿನ ನೂಲನ್ನು ಹಲ್ಲಿನಿಂದ ಕಡಿದಳು. ನಾನು ಬುಟ್ಟಿಯಿಂದ ಖಾಲಿ ಕಂಡಿಕೆ ಎತ್ತಿ ಕೊಟ್ಟೆ. ಅದನ್ನು ಕದಿರಿಗೆ ಸಿಗಿಸಿ ರಾಟಿ ತಿರುಗಿಸಿದಳು.